ಎಡ ಕ್ರ್ಯಾಂಕಿನಿಂದ ಕಿತ್ತುಬಂದ ಪೆಡಲ್: ಥ್ರೆಡ್ ದುರಸ್ತಿಯ ಒಂದು ಪ್ರಕರಣ ಅಧ್ಯಯನ

ದಿನನಿತ್ಯದ ಓಡಾಟಕ್ಕೆ ಬಳಕೆಯಾಗುತ್ತಿದ್ದ ಒಂದು ಸೈಕಲ್ಲಿನ ಎಡ ಪೆಡಲ್ ಮೊದಮೊದಲು ಪ್ರತಿ ಸುತ್ತಿಗೊಮ್ಮೆ ಟಕ್ ಎಂದು ಸದ್ದು ಮಾಡುತ್ತಿತ್ತು. ಬರಬರುತ್ತ ಪಾದದಡಿಯಲ್ಲಿ ಓರೆಯಾಗಿ ಆಡತೊಡಗಿ, ಕೊನೆಗೆ ಒಂದು ಏರುದಾರಿಯಲ್ಲಿ ಸವಾರರು ಸೀಟಿನಿಂದ ಎದ್ದು ತುಳಿದಾಗ ಕ್ರ್ಯಾಂಕಿನಿಂದ, ಅಂದರೆ ಪೆಡಲ್ ಕೂರುವ ತೋಳಿನಿಂದ, ಪೂರ್ತಿಯಾಗಿ ಕಿತ್ತುಬಂತು. ಸವಾರರು ಬೀಳದೆ ಪಾರಾದರು. ದುರಸ್ತಿಗೆ ಬಂದ ಕ್ರ್ಯಾಂಕ್ 170 ಮಿ.ಮೀ. ಉದ್ದದ, ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಫೋರ್ಜ್ ಮಾಡಿದ, ಚೌಕ ತುದಿಯ ಬಾಟಮ್ ಬ್ರಾಕೆಟ್ ಆಕ್ಸಲ್‌ಗೆ (ಎರಡೂ ಕ್ರ್ಯಾಂಕ್‌ಗಳನ್ನು ಹಿಡಿದು ಚೌಕಟ್ಟಿನಲ್ಲಿ ತಿರುಗುವ ದಂಡಕ್ಕೆ) ಕೂರುವ ಸಾಮಾನ್ಯ ಜಾತಿಯದು. ಸದ್ದು ಶುರುವಾಗುವುದಕ್ಕೆ ಸ್ವಲ್ಪ ಮೊದಲು ಎರಡೂ ಪೆಡಲ್‌ಗಳನ್ನು ಬದಲಿಸಲಾಗಿತ್ತು. ಎಡಗಡೆಯದು ಮೊದಲ ಸುತ್ತಿನಿಂದಲೇ ಬಿಗಿಯಾಗಿದ್ದು, ಉದ್ದ ಹಿಡಿಯ ಸ್ಪ್ಯಾನರ್‌ನಿಂದ ಒತ್ತಾಯವಾಗಿ ತಿರುಗಿಸಿ ಕೂರಿಸಲಾಗಿತ್ತು ಎಂಬ ವಿವರ ವಿಚಾರಿಸಿದ ಮೇಲೆ ತಿಳಿಯಿತು.

ಇಂಥ ಕೆಲಸ ಬಂದಾಗ ಯಾವ ಟ್ಯಾಪ್ (ರಂಧ್ರದೊಳಗೆ ತಿರುಪಿನ ಸುತ್ತು, ಅಂದರೆ ಥ್ರೆಡ್, ಕತ್ತರಿಸುವ ಸಲಕರಣೆ), ಯಾವ ದುರಸ್ತಿ ಕಿಟ್ ಎಂಬ ಪ್ರಶ್ನೆಯೇ ಮೊದಲು ಕೇಳಿಬರುತ್ತದೆ. ಆದರೆ ಸಲಕರಣೆಯನ್ನು ಕೈಗೆತ್ತಿಕೊಳ್ಳುವ ಮೊದಲು ತೀರ್ಮಾನವಾಗಬೇಕಾದದ್ದು ಬೇರೆಯೇ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ರಂಧ್ರದಲ್ಲಿ ಸರಿಯಾದ ಥ್ರೆಡ್ ಎಷ್ಟು ಉಳಿದಿದೆ, ಅದು ಕ್ರ್ಯಾಂಕಿಗೆ ನೇರವಾಗಿ ನಿಂತಿದೆಯೇ, ಭಾರ ಹೊರುವ ಶಕ್ತಿ ಅದಕ್ಕಿಲ್ಲದಿದ್ದರೆ ಹೊಸ ಥ್ರೆಡ್ಡಿಗೆ ದಾರಿ ತೋರಿಸುವುದಕ್ಕಾದರೂ ಒದಗೀತೇ ಎಂಬುದನ್ನು ನೋಡಬೇಕು. ಈ ಪ್ರಕರಣದ ದುರಸ್ತಿ ನಿಂತದ್ದು ಈ ಕೊನೆಯ ಅಂಶದ ಮೇಲೆ.

ಮೊದಲು ಕಂಡದ್ದು

ಕ್ರ್ಯಾಂಕನ್ನು ಸೈಕಲ್ಲಿನ ಮೇಲೆಯೇ ಇಟ್ಟುಕೊಂಡು ಪರೀಕ್ಷಿಸುವುದು ಕಷ್ಟ, ದುರಸ್ತಿ ಮಾಡುವುದು ಇನ್ನೂ ಕಷ್ಟ. ಆದ್ದರಿಂದ ನಡುವಿನ ಬೋಲ್ಟ್ ತೆಗೆದು, ಪುಲ್ಲರ್ ಎಂಬ ಎಳೆಯುವ ಸಲಕರಣೆ ಹಾಕಿ ಕ್ರ್ಯಾಂಕನ್ನು ಹೊರತೆಗೆಯಲಾಯಿತು. ಪುಲ್ಲರ್ ಕೂರುವ ಥ್ರೆಡ್ 22 ಮಿ.ಮೀ. ವ್ಯಾಸದ್ದು, 1 ಮಿ.ಮೀ. ಪಿಚ್ಚಿನದು (ಪಿಚ್ ಎಂದರೆ ಒಂದು ಸುತ್ತಿನಿಂದ ಇನ್ನೊಂದಕ್ಕಿರುವ ಅಂತರ), ಅದೂ ಅಲ್ಯೂಮಿನಿಯಮ್ಮೇ. ಪುಲ್ಲರನ್ನು ಕೊನೆಯ ತನಕ ತಿರುಗಿಸಿ ಕೂರಿಸದೆ ಎಳೆದರೆ ಪೆಡಲ್ ಥ್ರೆಡ್ ಸರಿಮಾಡಲು ಹೋಗಿ ಇನ್ನೊಂದು ಥ್ರೆಡ್ ಕಳೆದುಕೊಂಡಂತಾಗುತ್ತದೆ.

ಪೆಡಲ್‌ನಿಂದಲೇ ತಪಾಸಣೆ ಆರಂಭವಾಯಿತು. ಪೆಡಲಿನ ಆಕ್ಸಲ್ ಮೇಲೆ, ಅಂದರೆ ಕ್ರ್ಯಾಂಕಿನೊಳಗೆ ತಿರುಗಿ ಕೂರುವ ಅದರ ದಂಡದ ಮೇಲೆ, ಎಡಗಡೆಯದೆಂದು ಸೂಚಿಸುವ ‘ಎಲ್’ ಗುರುತು ಸ್ಪಷ್ಟವಾಗಿತ್ತು; ಹಾಗಾಗಿ ಬಲಗಡೆಯ ಪೆಡಲನ್ನು ಎಡಕ್ಕೆ ತುರುಕಿದ ಪ್ರಕರಣ ಇದಲ್ಲ. ಆಕ್ಸಲ್‌ನ ಥ್ರೆಡ್ಡಿನ ಕಣಿವೆಗಳಲ್ಲಿ ಅಲ್ಯೂಮಿನಿಯಂ ಮೆತ್ತಿಕೊಂಡು ಬೆಳ್ಳಗೆ ಹೊಳೆಯುತ್ತಿತ್ತು. ಹಿತ್ತಾಳೆಯ ಬ್ರಷ್ಷಿನಿಂದ ಅದನ್ನು ಕೆರೆದು ತೆಗೆದಾಗ ಕೆಳಗಿದ್ದ ಉಕ್ಕಿನ ಥ್ರೆಡ್ ಒಂದಿಷ್ಟೂ ಕೆಟ್ಟಿರಲಿಲ್ಲ. ಉಕ್ಕಿಗೂ ಅಲ್ಯೂಮಿನಿಯಮ್ಮಿಗೂ ಜಗಳವಾದಾಗ ಸೋಲುವುದು ಯಾವಾಗಲೂ ಅಲ್ಯೂಮಿನಿಯಂ. ಪೆಡಲಿನ ದೇಹವನ್ನು ಹಿಡಿದುಕೊಂಡು ಆಕ್ಸಲನ್ನು ಬೆರಳಿನಿಂದ ತಿರುಗಿಸುತ್ತ ತುದಿಯನ್ನು ಗಮನಿಸಿದಾಗ ಅದು ಒಂದೇ ಜಾಗದಲ್ಲಿ ಸುತ್ತುತ್ತಿತ್ತು, ಅಂದರೆ ಆಕ್ಸಲ್ ಬಾಗಿರಲಿಲ್ಲ. ಬಾಗಿದ್ದರೆ ಅದೇ ಪೆಡಲನ್ನು ಮತ್ತೆ ಬಳಸುವ ಮಾತೇ ಇರುತ್ತಿರಲಿಲ್ಲ. ಎಷ್ಟು ಚೆನ್ನಾಗಿ ಥ್ರೆಡ್ ಹಾಕಿದರೂ ಸವಾರನ ಪಾದ ಪ್ರತಿ ಸುತ್ತಿನಲ್ಲೂ ಓಲಾಡುತ್ತಿತ್ತು.

ಕ್ರ್ಯಾಂಕಿನ ಹೊರಮುಖ ಹೆಚ್ಚು ವಿಷಯ ಹೇಳಿತು. ಥ್ರೆಡ್ ಮುಗಿದು ಆಕ್ಸಲ್ ದಪ್ಪವಾಗುವ ಜಾಗವನ್ನು ಅದರ ಭುಜ ಎನ್ನೋಣ. ಪೆಡಲ್ ಸರಿಯಾಗಿ ಕೂತಾಗ ಈ ಭುಜ ಕ್ರ್ಯಾಂಕಿನ ಹೊರಮುಖವನ್ನು ಸುತ್ತಲೂ ಸಮವಾಗಿ ಒತ್ತುತ್ತದೆ ಮತ್ತು ಅಲ್ಲಿ ಉಂಗುರದಂಥ ಒಂದು ಗುರುತು ಮೂಡುತ್ತದೆ. ಇಲ್ಲಿ ಹಿಂದಿನ ಪೆಡಲಿನ ಅಂಥ ಉಂಗುರ ಮಂಕಾಗಿ ಕಾಣುತ್ತಿತ್ತು. ಅದರ ಮೇಲೆ, ಒಂದೇ ಪಕ್ಕದಲ್ಲಿ, ಅರ್ಧಚಂದ್ರಾಕಾರದ ಹೊಸ ತಗ್ಗೊಂದು ಬಿದ್ದು ಅದರ ಅಂಚು ಉಬ್ಬಿತ್ತು. ಹೊಸ ಪೆಡಲಿನ ಭುಜ ಒಂದು ದಿನವೂ ಮುಖಕ್ಕೆ ಪೂರ್ತಿಯಾಗಿ ತಾಗಿರಲಿಲ್ಲ, ಸಡಿಲವಾಗಿ ಓಲಾಡಿದಾಗ ಮಾತ್ರ ಒಂದು ಬದಿಯಲ್ಲಿ ಬಡಿಯುತ್ತಿತ್ತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಲಿಲ್ಲ.

ರಂಧ್ರದೊಳಗೆ ಬೆಳಕು ಬಿಟ್ಟು ಭೂತಗನ್ನಡಿಯಲ್ಲಿ ನೋಡಿದಾಗ ಎರಡು ಬಗೆಯ ಹಾನಿ ಒಂದರ ಮೇಲೊಂದು ಕೂತಿರುವುದು ಕಂಡಿತು. ಹೊರಬದಿಯ ಮೊದಲೆರಡು ಸುತ್ತುಗಳಲ್ಲಿ ಮೂಲ ಥ್ರೆಡ್ಡಿನ ಗೆರೆಯನ್ನು ಇನ್ನೊಂದು ಗೆರೆ ಓರೆಯಾಗಿ ಕತ್ತರಿಸಿ ಜಾಲರಿಯಂತಾಗಿತ್ತು. ಪೆಡಲ್ ಕ್ರಾಸ್ ಥ್ರೆಡ್ ಆಗಿ, ಅಂದರೆ ಮೂಲ ಸುತ್ತಿಗೆ ಹೊಂದದೆ ಓರೆಯಾಗಿ, ಹೊಕ್ಕಿದ್ದರ ಗುರುತು ಇದು. ಅದರಿಂದಾಚೆ ಥ್ರೆಡ್ಡಿನ ಏಣುಗಳೇ ಸವೆದು ಗೋಡೆ ನುಣುಪಾಗಿತ್ತು; ಇದು ಸಡಿಲವಾದ ಪೆಡಲ್ ಮೇಲೆ ಸವಾರಿ ಮಾಡಿದ್ದರ ಫಲ. ಹಿಂಬದಿಗೆ, ಅಂದರೆ ಚೌಕಟ್ಟಿನ ಕಡೆಗಿರುವ ಮುಖದ ಬಳಿ, ಮೂರು ಸುತ್ತು ಥ್ರೆಡ್ ಮಾತ್ರ ಹೊಸದರಂತೆ ಚೂಪಾಗಿ ಉಳಿದಿತ್ತು. ಓರೆಯಾಗಿ ಹೊಕ್ಕ ಪೆಡಲ್ ಅಷ್ಟು ಒಳಗೆ ಹೋಗದೆ ಸಿಕ್ಕಿಕೊಂಡಿದ್ದರಿಂದ ಆ ಮೂರು ಸುತ್ತುಗಳನ್ನು ಯಾವುದೂ ಮುಟ್ಟಿರಲಿಲ್ಲ.

ಮುಂದಿನ ಹೆಜ್ಜೆಯನ್ನು ಬಿಟ್ಟು ನೇರವಾಗಿ ದುರಸ್ತಿಗೆ ಇಳಿಯುವುದು ಅಪಾಯಕಾರಿ. ಪೆಡಲ್ ಕಣ್ಣಿನ, ಅಂದರೆ ಪೆಡಲ್ ಕೂರುವ ರಂಧ್ರವಿರುವ ತುದಿಯ, ಸುತ್ತ ಬಿರುಕು ಬಿಟ್ಟ ಅಲ್ಯೂಮಿನಿಯಂ ಕ್ರ್ಯಾಂಕಿಗೆ ದುರಸ್ತಿ ಎಂಬುದಿಲ್ಲ. ಅದನ್ನು ಗುಜರಿಗೆ ಹಾಕಬೇಕು. ಬಿರುಕು ಸಾಮಾನ್ಯವಾಗಿ ಭುಜ ಒತ್ತುವ ಜಾಗದ ಅಂಚಿನಿಂದ ಹುಟ್ಟುತ್ತದೆ, ಏಕೆಂದರೆ ಪ್ರತಿ ತುಳಿತದಲ್ಲೂ ಅಲ್ಲಿ ಲೋಹ ಲೋಹಕ್ಕೆ ಉಜ್ಜಿ ಸಣ್ಣ ಸಣ್ಣ ಗಾಯಗಳಾಗುತ್ತಿರುತ್ತವೆ ಮತ್ತು ಉಕ್ಕಿಗಿರುವಂಥ ಸುರಕ್ಷಿತ ಆಯಾಸ ಮಿತಿ (ಎಷ್ಟು ಸಲ ಮರುಕಳಿಸಿದರೂ ಬಿರುಕು ಬಿಡದಷ್ಟು ಹೊರೆಯ ಮಟ್ಟ) ಅಲ್ಯೂಮಿನಿಯಮ್ಮಿಗೆ ಇಲ್ಲ. ಇಲ್ಲಿ ಗ್ರೀಸನ್ನೆಲ್ಲ ತೊಳೆದು, ಕೆಂಪು ಪೆನಿಟ್ರೆಂಟ್ ದ್ರವ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಬಿಳಿ ಡೆವಲಪರ್ ಸಿಂಪಡಿಸಿ ನೋಡಲಾಯಿತು. ಬಿರುಕಿದ್ದರೆ ಅದರೊಳಗೆ ಇಳಿದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಅರ್ಧಚಂದ್ರದ ತಗ್ಗಿನಲ್ಲಿ ಒಂದಿಷ್ಟು ಮಸುಕಾದ ಕಲೆ ಬಂದದ್ದನ್ನು ಬಿಟ್ಟರೆ ಗೆರೆ ಎಲ್ಲೂ ಮೂಡಲಿಲ್ಲ. ಕೆಲಸ ಮುಂದುವರಿಸಲು ಇದೇ ಅನುಮತಿ.

ಎಡ ಥ್ರೆಡ್ ಮತ್ತು ಸಡಿಲವಾದ ಪೆಡಲ್

ಎರಡು ತೋಳು, ನಡುವೆ ಒಂದು ಆಕ್ಸಲ್ ಹೀಗೆ ಮೂರು ಭಾಗದ ಕ್ರ್ಯಾಂಕ್‌ಗಳಲ್ಲಿ ಪೆಡಲ್ ಥ್ರೆಡ್ 9/16 ಇಂಚು ವ್ಯಾಸದ್ದು, ಇಂಚಿಗೆ 20 ಸುತ್ತಿನದು. ಮಿಲಿಮೀಟರಿನಲ್ಲಿ ಹೇಳುವುದಾದರೆ ವ್ಯಾಸ 14.29, ಒಂದು ಸುತ್ತಿನಿಂದ ಇನ್ನೊಂದಕ್ಕೆ 1.27. ಎರಡೂ ಕಾಲಿನ ತೋಳು ಒಂದೇ ಉಕ್ಕಿನ ತುಂಡಾಗಿರುವ ಕ್ರ್ಯಾಂಕ್‌ಗಳಲ್ಲಿ ಅದು 1/2 ಇಂಚು, ಹಳೆಯ ಫ್ರೆಂಚ್ ಸೈಕಲ್‌ಗಳಲ್ಲಿ 14 ಮಿ.ಮೀ. ವ್ಯಾಸ ಮತ್ತು 1.25 ಪಿಚ್. ಈ ಕೊನೆಯದು ನೋಟಕ್ಕೆ ಮೊದಲನೆಯದರಂತೆಯೇ ಇರುವುದರಿಂದ, ಹಳೆಯ ಸೈಕಲ್ಲಿನಲ್ಲಿ ಹೊಸ ಪೆಡಲ್ ಬಿಗಿಯಾಗಿ ಬರುತ್ತಿದ್ದರೆ ಬಲ ಹಾಕುವ ಮೊದಲು ಥ್ರೆಡ್ ಗೇಜ್ ಹಿಡಿದು ನೋಡುವುದು ಒಳ್ಳೆಯದು. ನಮ್ಮ ಪ್ರಕರಣದಲ್ಲಿ ಉಳಿದ ಮೂರು ಸುತ್ತುಗಳಿಗೆ ಗೇಜ್ ಹಿಡಿದಾಗ 20 ಸುತ್ತಿನದೇ ಸರಿಯಾಗಿ ಕೂತಿತು.

ಬಲ ಪೆಡಲ್‌ಗೆ ಸಾಮಾನ್ಯ ಬಲ ಥ್ರೆಡ್, ಎಡ ಪೆಡಲ್‌ಗೆ ಎಡ ಥ್ರೆಡ್, ಅಂದರೆ ಅಪ್ರದಕ್ಷಿಣವಾಗಿ ತಿರುಗಿಸಿದಾಗ ಬಿಗಿಯಾಗುವಂಥದು. ಸವಾರನ ಭಾರ ಯಾವಾಗಲೂ ಕೆಳಮುಖವಾಗಿರುತ್ತದೆ, ಕ್ರ್ಯಾಂಕ್ ಮಾತ್ರ ಸುತ್ತುತ್ತಿರುತ್ತದೆ. ಹೀಗಾಗಿ ಆಕ್ಸಲ್ ರಂಧ್ರದ ಗೋಡೆಯನ್ನು ಒತ್ತುವ ಬಿಂದು ರಂಧ್ರದ ಸುತ್ತ ಚಲಿಸುತ್ತ ಹೋಗುತ್ತದೆ. ಆಕ್ಸಲ್‌ಗೂ ರಂಧ್ರಕ್ಕೂ ನಡುವೆ ಕೂದಲೆಳೆಯಷ್ಟಾದರೂ ಸಡಿಲ ಇದ್ದೇ ಇರುವುದರಿಂದ ಆಕ್ಸಲ್ ಆ ಗೋಡೆಯ ಮೇಲೆ ನಿಧಾನವಾಗಿ ಉರುಳುತ್ತದೆ. ಈ ಉರುಳಾಟದ ದಿಕ್ಕು ಎಡಗಡೆಯಲ್ಲಿ ಎಡ ಥ್ರೆಡ್ಡನ್ನು ಬಿಗಿಗೊಳಿಸುವಂಥದು, ಬಲಗಡೆಯಲ್ಲಿ ಬಲ ಥ್ರೆಡ್ಡನ್ನು ಬಿಗಿಗೊಳಿಸುವಂಥದು. ಬೇರಿಂಗ್‌ನ ಎಳೆತ ಇದಕ್ಕೆ ವಿರುದ್ಧ ದಿಕ್ಕಿನದಾದರೂ ಅದರ ಬಲ ಬಹಳ ಕಡಿಮೆ.

ಹಾಗಾದರೆ ಈ ಪೆಡಲ್ ತಾನಾಗಿ ಬಿಗಿಯಾಗಬೇಕಿತ್ತಲ್ಲ ಎಂಬ ಪ್ರಶ್ನೆ ಸಹಜ. ಭುಜ ಮುಖಕ್ಕೆ ಒತ್ತಿ ನಿಂತಾಗ ಮಾತ್ರ ಈ ಬಿಗಿತಕ್ಕೆ ಅರ್ಥ. ಓರೆಯಾಗಿ ಸಿಕ್ಕಿಕೊಂಡ ಆಕ್ಸಲ್‌ಗೆ ಮುಂದೆ ಹೋಗಲು ದಾರಿಯಿಲ್ಲ. ಅದನ್ನು ಮುಂದಕ್ಕೆ ತಿರುಗಿಸಲು ಯತ್ನಿಸಿದ ಪ್ರತಿ ಉರುಳಾಟವೂ ಅಲ್ಯೂಮಿನಿಯಮ್ಮಿನ ಏಣನ್ನು ಅರದಂತೆ ಉಜ್ಜಿತು. ಭಾರದ ಲೆಕ್ಕವನ್ನು ಸೇರಿಸಿದರೆ ಉಳಿದದ್ದು ಅರ್ಥವಾಗುತ್ತದೆ. 80 ಕೆ.ಜಿ. ತೂಕದ ವ್ಯಕ್ತಿ ಒಂದೇ ಪೆಡಲ್ ಮೇಲೆ ನಿಂತರೆ ಸುಮಾರು 785 ನ್ಯೂಟನ್ ಬಲ ಬೀಳುತ್ತದೆ. ಪಾದದ ನಡುಭಾಗ ಕ್ರ್ಯಾಂಕಿನ ಮುಖದಿಂದ 55 ಮಿ.ಮೀ. ಆಚೆಗಿದ್ದರೆ ಆಕ್ಸಲನ್ನು ರಂಧ್ರದಿಂದ ಮೀಟಿ ತೆಗೆಯುವಂಥ 43 ನ್ಯೂಟನ್-ಮೀಟರ್ ತಿರುಚುಬಲ ಹುಟ್ಟುತ್ತದೆ, ಅದೂ ಪ್ರತಿ ಸುತ್ತಿನಲ್ಲಿ. ಭುಜ ಮುಖಕ್ಕೆ ಒತ್ತಿದ್ದರೆ ಈ ಮೀಟುಬಲವನ್ನು ಮುಖವೇ ಹೊರುತ್ತದೆ. ಒತ್ತದಿದ್ದರೆ ಪೂರ್ತಿ ಹೊರೆ ಕೆಲವೇ ಸುತ್ತು ಮೆದು ಲೋಹದ ಮೇಲೆ.

ಉಳಿದ ಥ್ರೆಡ್ ಸಾಕೇ?

ಪೆಡಲ್ ಕಣ್ಣಿನ ಬಳಿ ಈ ಕ್ರ್ಯಾಂಕಿನ ದಪ್ಪ 12.5 ಮಿ.ಮೀ. ಎಂದರೆ ಹತ್ತಿರ ಹತ್ತಿರ 10 ಸುತ್ತು ಥ್ರೆಡ್. ಉಳಿದದ್ದು ಮೂರು, ಅಂದರೆ 4 ಮಿ.ಮೀ.ಗಿಂತ ಕಡಿಮೆ. ಅಲ್ಯೂಮಿನಿಯಮ್ಮಿನೊಳಗೆ ಉಕ್ಕಿನ ಥ್ರೆಡ್ ಹಾಕುವಾಗ ವ್ಯಾಸದಷ್ಟಾದರೂ ಆಳ ಸಿಗಲಿ ಎಂದು ನೋಡುವುದು ಯಂತ್ರಗೆಲಸದ ರೂಢಿ; ಇಲ್ಲಿ ಹೊಸ ಕ್ರ್ಯಾಂಕಿನಲ್ಲೇ ಆಳ ವ್ಯಾಸಕ್ಕಿಂತ ಸ್ವಲ್ಪ ಕಡಿಮೆ. ಪೆಡಲನ್ನು 40 ನ್ಯೂಟನ್-ಮೀಟರ್‌ಗೆ ಬಿಗಿದಾಗ ಥ್ರೆಡ್ಡಿನ ಮೇಲೆ ಬೀಳುವ ಎಳೆತ ಸುಮಾರು 14,000 ನ್ಯೂಟನ್, ಅಂದರೆ ಒಂದು ಟನ್ನಿಗೂ ಮಿಕ್ಕಿದ ತೂಕ. ಮೂರು ಸುತ್ತು ಅದನ್ನು ಒಂದು ಸಲ ತಡೆದರೂ ಅದರ ಮೇಲೆ ಸವಾರಿಯ ಹೊಡೆತಗಳನ್ನು ತಾಳುತ್ತದೆಂದು ನಂಬುವಂತಿಲ್ಲ.

ಆದರೂ ಎಡ ಥ್ರೆಡ್ಡಿನ 9/16 ಟ್ಯಾಪನ್ನು ಹಿಂಬದಿಯಿಂದ ಓಡಿಸಿ ನೋಡಲಾಯಿತು. ಹಾಳಾದದ್ದು ಹೊರಬದಿಯಲ್ಲಿ ಎಂದಾದಾಗ ಟ್ಯಾಪನ್ನು ಹೊರಬದಿಯಿಂದ ಹಾಕುವುದು ತಪ್ಪು: ಅದು ಮೊದಲು ಮುಟ್ಟುವುದು ಓರೆಯಾದ ಗೆರೆಯನ್ನೇ, ಮುಂದೆ ಅದನ್ನೇ ಹಿಂಬಾಲಿಸಿ ಓರೆಯನ್ನು ಖಾಯಂ ಮಾಡಿಬಿಡುತ್ತದೆ. ಹಿಂಬದಿಯಿಂದ ಹೊಕ್ಕ ಟ್ಯಾಪಿಗೆ ಒಳ್ಳೆಯ ಥ್ರೆಡ್ ಮೊದಲು ಸಿಗುತ್ತದೆ, ಅದು ಟ್ಯಾಪನ್ನು ನೇರವಾಗಿ ಹಿಡಿದು ಹೊರಬದಿಯ ಕಡೆಗೆ ಕರೆದೊಯ್ಯುತ್ತದೆ. ಯಾವ ಬದಿಯಿಂದ ನೋಡಿದರೂ ಎಡ ಥ್ರೆಡ್ ಎಡ ಥ್ರೆಡ್ಡೇ. ಬದಿ ಬದಲಾದ ಮಾತ್ರಕ್ಕೆ ತಿರುಗಿಸುವ ದಿಕ್ಕು ಬದಲಾಗದು. ಟ್ಯಾಪ್ ಹಿಡಿದವರು ತಮ್ಮ ಕಣ್ಣಿಗೆ ಅಪ್ರದಕ್ಷಿಣವಾಗಿಯೇ ತಿರುಗಿಸಬೇಕು. ಇದರಲ್ಲಿ ಗೊಂದಲ ಮಾಡಿಕೊಂಡು ಬಲ ಟ್ಯಾಪ್ ಓಡಿಸಿ ಉಳಿದ ಥ್ರೆಡ್ಡನ್ನೂ ಕಳೆದುಕೊಂಡ ಕ್ರ್ಯಾಂಕ್‌ಗಳಿವೆ.

ಮೊದಲ ಮೂರು ಸುತ್ತುಗಳಲ್ಲಿ ಟ್ಯಾಪ್ ಮೃದುವಾಗಿ, ಹದವಾದ ಬಿಗಿಯಲ್ಲಿ ಸಾಗಿತು. ನಾಲ್ಕನೆಯದರಲ್ಲಿ ಸ್ವಲ್ಪ ಲೋಹ ಕತ್ತರಿಸಿತು. ಆಮೇಲೆ ಕೈಗೆ ಯಾವ ತಡೆಯೂ ಸಿಗದೆ ಬರಿದೇ ತಿರುಗತೊಡಗಿತು. ಬರೀ ಕ್ರಾಸ್ ಥ್ರೆಡ್ ಆಗಿ, ಸವಾರಿ ಮಾಡುವ ಮೊದಲೇ ಎಚ್ಚರವಾಗಿ ಬಿಚ್ಚಿದ್ದರೆ ಇದೊಂದೇ ಕೆಲಸದಲ್ಲಿ ದುರಸ್ತಿ ಮುಗಿದುಹೋಗುತ್ತಿತ್ತು, ಬಹುಪಾಲು ಕ್ರ್ಯಾಂಕ್‌ಗಳಲ್ಲಿ ಹಾಗೆಯೇ ಮುಗಿಯುತ್ತದೆ. ಇಲ್ಲಿ ಥ್ರೆಡ್ ತಿದ್ದಲು ಲೋಹವೇ ಉಳಿದಿರಲಿಲ್ಲ.

ಮೂರು ದಾರಿ

ಬೇರೆ ಎಡ ಕ್ರ್ಯಾಂಕ್ ಹಾಕುವುದು ಎಲ್ಲಕ್ಕಿಂತ ಸುಲಭ. ಅದೇ ಉದ್ದದ, ಅದೇ ಕೂರುಗುಳಿಯ ಕ್ರ್ಯಾಂಕ್ ಬಿಡಿಯಾಗಿ ಸಿಗುತ್ತದೆಂದಾದರೆ ನಾನು ಯಾರಿಗೂ ಬೇರೆ ಸಲಹೆ ಕೊಡುವುದಿಲ್ಲ. ಆದರೆ ಚೌಕ ತುದಿಗಳಲ್ಲೇ ಜೆ.ಐ.ಎಸ್. (ಜಪಾನಿನ ಮಾನಕ) ಮತ್ತು ಐ.ಎಸ್.ಒ. (ಅಂತರರಾಷ್ಟ್ರೀಯ ಮಾನಕ) ಎಂಬ ಎರಡು ಅಳತೆಗಳಿವೆ. ಎರಡರ ಇಳಿಜಾರೂ 2 ಡಿಗ್ರಿ. ತುದಿಯ ಅಳತೆ ಮಾತ್ರ ಬೇರೆ. ಒಂದಕ್ಕೆ ಮಾಡಿದ ಕ್ರ್ಯಾಂಕನ್ನು ಇನ್ನೊಂದಕ್ಕೆ ಕೂರಿಸಿದರೆ ಅದು ಕೆಲವು ಮಿಲಿಮೀಟರ್ ಒಳಗೋ ಹೊರಗೋ ನಿಂತು ಎಡಬಲ ಪಾದಗಳ ಅಂತರ ಹೆಚ್ಚುಕಡಿಮೆಯಾಗುತ್ತದೆ. ಈ ಸೈಕಲ್ಲಿಗೆ ಹೊಂದುವ ಎಡ ಕ್ರ್ಯಾಂಕ್ ಬಿಡಿಯಾಗಿ ದೊರಕದೆ ಇದ್ದದ್ದರಿಂದ, ಇಡೀ ಜೊತೆಯನ್ನು ಎಸೆಯುವ ಬದಲು ದುರಸ್ತಿಯನ್ನೇ ಆರಿಸಿಕೊಳ್ಳಲಾಯಿತು.

ಎರಡನೆಯದು ಸುರುಳಿ ಇನ್ಸರ್ಟ್. ಚೌಕುಳಿ ಆಕಾರದ ಸ್ಟೇನ್‌ಲೆಸ್ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿ ಮಾಡಿದ ಇದು ಹೊರಬದಿಯಲ್ಲಿ ದೊಡ್ಡ ಥ್ರೆಡ್ಡಿಗೂ ಒಳಬದಿಯಲ್ಲಿ ಪೆಡಲ್ ಥ್ರೆಡ್ಡಿಗೂ ಹೊಂದುತ್ತದೆ. ಮೂರನೆಯದು ಗಟ್ಟಿ ಉಕ್ಕಿನ ಬುಷ್: ಒಳಗೂ ಹೊರಗೂ ಥ್ರೆಡ್ ಇರುವ ತೆಳುವಾದ ಕೊಳವೆ. ರಂಧ್ರವನ್ನು ಹಿಗ್ಗಿಸುವ ಮಟ್ಟಿಗೆ ಇವೆರಡರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎರಡಕ್ಕೂ ಅಲ್ಯೂಮಿನಿಯಮ್ಮಿನಲ್ಲಿ ಸುಮಾರು 16 ಮಿ.ಮೀ. ವ್ಯಾಸದ ಥ್ರೆಡ್ ಬೇಕಾಗುತ್ತದೆ. ಪೆಡಲ್ ಕಣ್ಣಿನ ಅಗಲ 30 ಮಿ.ಮೀ. ಇದ್ದುದರಿಂದ ಸುತ್ತಲೂ ಉಳಿಯುವ ಗೋಡೆ ಸುಮಾರು 7 ಮಿ.ಮೀ., ಮೊದಲಿಗಿಂತ ಒಂದು ಮಿಲಿಮೀಟರಿಗೂ ಕಡಿಮೆ ನಷ್ಟ. ಸುರುಳಿಯ ಸಮಸ್ಯೆ ಬೇರೆ: ಪೆಡಲನ್ನು ಎಂದಾದರೂ ಬಿಚ್ಚಿದಾಗ ಸುರುಳಿಯ ಕೊನೆಯ ಎಳೆ ಅದರ ಜೊತೆ ಎದ್ದು ಬರುವ ಸಾಧ್ಯತೆ ಇರುತ್ತದೆ. ಪೆಡಲ್ ಒಂದು ಸಲ ಕೂರಿಸಿ ಮರೆತುಬಿಡುವ ಭಾಗವಲ್ಲವಾದ್ದರಿಂದ ಇಲ್ಲಿ ಬುಷ್ಷನ್ನೇ ಆಯ್ಕೆ ಮಾಡಲಾಯಿತು. (ಕಾರ್ಬನ್ ಕ್ರ್ಯಾಂಕ್‌ಗಳಿಗೆ ಈ ಮಾತು ಅನ್ವಯಿಸದು. ಅಲ್ಲಿ ಥ್ರೆಡ್ ಇರುವುದೇ ಒಳಗೆ ಅಂಟಿಸಿದ ಲೋಹದ ತುಂಡಿನಲ್ಲಿ. ಅದನ್ನು ಕೊರೆಯಲು ಹೋಗಬಾರದು.)

ಬಳಸಿದ ಬುಷ್ಷಿನ ಹೊರ ಥ್ರೆಡ್ 5/8 ಇಂಚು, ಇಂಚಿಗೆ 24 ಸುತ್ತು. ಒಳಗಿನದು ಪೆಡಲ್ ಥ್ರೆಡ್. ಎರಡೂ ಎಡ ಥ್ರೆಡ್. ಒಂದು ತುದಿಯಲ್ಲಿ ತೆಳುವಾದ ಕಾಲರ್ ಇದ್ದು, ಬುಷ್ಷನ್ನು ಕ್ರ್ಯಾಂಕಿನ ಹಿಂಬದಿಯಿಂದ ತಿರುಗಿಸಿ ಕೂರಿಸಿದಾಗ ಆ ಕಾಲರ್ ಹಿಂಬದಿಯ ಮುಖಕ್ಕೆ ಒರಗುತ್ತದೆ. ಈ ಜೋಡಣೆಯಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಒಂದು ಗುಣವಿದೆ. ಪೆಡಲ್ ಬಿಗಿದಾಗ ಭುಜ ಕ್ರ್ಯಾಂಕನ್ನು ಒಳಕ್ಕೆ ಒತ್ತುತ್ತದೆ, ಥ್ರೆಡ್ ಬುಷ್ಷನ್ನು ಹೊರಕ್ಕೆ ಎಳೆಯುತ್ತದೆ. ಹೊರಕ್ಕೆ ಬಾರದಂತೆ ಕಾಲರ್ ತಡೆಯುತ್ತದೆ. ಪೆಡಲ್ ಬಿಚ್ಚುವಾಗ ಬುಷ್ ಜೊತೆಗೆ ತಿರುಗಲು ನೋಡಿದರೂ ಅದು ಸಾಗಬೇಕಾದದ್ದು ಹೊರಬದಿಗೇ, ಅಲ್ಲಿಯೂ ಅದೇ ಕಾಲರ್ ಅಡ್ಡ. ಹೊರಬದಿಯಿಂದ ಕೂರಿಸುವ ಕಾಲರಿಲ್ಲದ ಬುಷ್ಷಿಗೆ ಈ ರಕ್ಷಣೆ ಇಲ್ಲ. ಅದನ್ನು ಹಿಡಿದಿಡುವುದು ಅಂಟು ಮಾತ್ರ.

ನೇರ ನಿಲ್ಲಿಸುವ ಕೆಲಸ

ಬುಷ್ ಹಾಕಲು ರಂಧ್ರವನ್ನು ಸುಮಾರು 14.7 ಮಿ.ಮೀ.ಗೆ ಹಿಗ್ಗಿಸಬೇಕು. ಹಿಗ್ಗಿಸಿದ ಕ್ಷಣ ಉಳಿದಿದ್ದ ಮೂರು ಸುತ್ತುಗಳೂ ಹೋಗುತ್ತವೆ, ಅವುಗಳ ಜೊತೆಗೆ ಮೂಲ ರಂಧ್ರದ ನಡುಗೆರೆ ಎಲ್ಲಿತ್ತೆಂಬ ಕೊನೆಯ ಸಾಕ್ಷಿಯೂ ಹೋಗುತ್ತದೆ. ಸವೆದ ಭಾಗ ದುಂಡಗಿರಲಿಲ್ಲ, ಒಂದು ಪಕ್ಕಕ್ಕೆ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಕೈಯಲ್ಲಿ ಹಿಡಿದ ರೀಮರ್ (ರಂಧ್ರ ಹಿಗ್ಗಿಸುವ ಸಲಕರಣೆ) ಆ ಸವೆದ ಬದಿಗೇ ಜಾರುತ್ತದೆ. ಆದ್ದರಿಂದ ಉಳಿದ ಥ್ರೆಡ್ಡನ್ನು ಕಳೆಯುವ ಮೊದಲು ಅದರಿಂದ ಒಂದು ಕೆಲಸ ಮಾಡಿಸಿಕೊಳ್ಳಲಾಯಿತು.

ಮೊದಲು ಹೊರಮುಖದ ತಗ್ಗಿನ ಉಬ್ಬಿದ ಅಂಚನ್ನು ನಯವಾದ ಅರದಿಂದ ಉಜ್ಜಿ, ದಪ್ಪ ಗಾಜಿನ ಮೇಲೆ ಎಮರಿ ಕಾಗದ ಹಾಸಿ, ಮುಖವನ್ನು ಅದರ ಮೇಲೆ ಆಡಿಸಿ ಸಮತಟ್ಟು ಮಾಡಲಾಯಿತು. ತಗ್ಗನ್ನೇ ತುಂಬ ಅಳಿಸುವ ಅಗತ್ಯವಿಲ್ಲ, ಎದ್ದು ನಿಂತ ಲೋಹ ಮಾತ್ರ ಹೋಗಬೇಕು. ಪೆಡಲಿನ ಭುಜ ಒರಗುವುದು ಈ ಮುಖಕ್ಕೇ ಆದ್ದರಿಂದ ಎಲ್ಲ ಅಳತೆಗೂ ಇದೇ ಆಧಾರ. ಬಳಿಕ ಡ್ರಿಲ್ಲಿಂಗ್ ಮಶೀನಿನ ಮೇಜಿನ ಮೇಲೆ, ನಡುವೆ ತೂತಿರುವ ಅಲ್ಯೂಮಿನಿಯಂ ಪಟ್ಟಿ ಇಟ್ಟು, ಅದರ ಮೇಲೆ ಕ್ರ್ಯಾಂಕನ್ನು ಹೊರಮುಖ ಕೆಳಗಾಗುವಂತೆ ಮಲಗಿಸಲಾಯಿತು. ಒಳ್ಳೆಯ ಥ್ರೆಡ್ ಇರುವ ಹಿಂಬದಿ ಈಗ ಮೇಲಕ್ಕೆ ಬಂತು. ಹಳೆಯ ಎಡ ಪೆಡಲಿನಿಂದ ಬಿಚ್ಚಿದ ನೇರವಾದ ಆಕ್ಸಲ್ ಒಂದನ್ನು ಆ ಮೂರು ಸುತ್ತುಗಳಿಗೆ ಕೈಯಿಂದಲೇ ತಿರುಗಿಸಿ ನಿಲ್ಲಿಸಿ, ಅದರ ಪಕ್ಕ ಮೂಲೆಮಟ್ಟ ಹಿಡಿದು ಎರಡು ದಿಕ್ಕಿನಿಂದ ನೋಡಿದಾಗ ಆಕ್ಸಲ್ ಮೇಜಿಗೆ ಲಂಬವಾಗಿಯೇ ನಿಂತಿತ್ತು. ಮಶೀನಿನ ಚಕ್ಕನ್ನು (ಡ್ರಿಲ್ ಹಿಡಿಯುವ ಭಾಗವನ್ನು) ಇಳಿಸಿ ಆಕ್ಸಲ್‌ನ ಮೇಲ್ತುದಿಯನ್ನು ಅದರಲ್ಲಿ ಹಿಡಿಸಿ, ಕ್ರ್ಯಾಂಕ್ ತಾನಾಗಿ ಸರಿದು ಕೇಂದ್ರಕ್ಕೆ ಬಂದ ಮೇಲೆ ಕ್ಲಾಂಪುಗಳನ್ನು ಬಿಗಿಯಲಾಯಿತು. ಆಮೇಲೆ ಆಕ್ಸಲನ್ನು ಬಿಚ್ಚಿ ತೆಗೆದಾಗ ಮಶೀನಿನ ನಡುಗೆರೆಯೂ ಮೂಲ ರಂಧ್ರದ ನಡುಗೆರೆಯೂ ಒಂದೇ ಆಗಿದ್ದವು. ಭಾರ ಹೊರಲಾರದ ಥ್ರೆಡ್ ದಾರಿ ತೋರಿಸಿತು.

ಕ್ಲಾಂಪನ್ನು ಸಡಿಲಿಸದೆ ಅದೇ ಸ್ಥಿತಿಯಲ್ಲಿ ನಿಧಾನ ವೇಗದಲ್ಲಿ ರೀಮರ್ ಇಳಿಸಲಾಯಿತು. ಆಮೇಲೆ 5/8 ಎಡ ಟ್ಯಾಪನ್ನು ಚಕ್ಕಿನಲ್ಲಿ ಹಿಡಿಸಿ, ಮೋಟಾರಿಗೆ ವಿದ್ಯುತ್ ಕೊಡದೆ, ಚಕ್ಕನ್ನು ಕೈಯಿಂದ ತಿರುಗಿಸುತ್ತ ಥ್ರೆಡ್ ಹೊಡೆಯಲಾಯಿತು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದಕ್ಕೆ ತಿರುಗಿಸಿದಾಗ ಹೆರೆ ತುಂಡಾಗಿ ಉದುರುತ್ತದೆ. ಅಲ್ಯೂಮಿನಿಯಂ ಟ್ಯಾಪಿನ ಹಲ್ಲಿಗೆ ಮೆತ್ತಿಕೊಳ್ಳುವ ಲೋಹವಾದ್ದರಿಂದ ಧಾರಾಳವಾಗಿ ಸೀಮೆಎಣ್ಣೆ ಬಿಡಲಾಯಿತು. ಮೆತ್ತಿಕೊಂಡ ಹೆರೆಯನ್ನು ಲೆಕ್ಕಿಸದೆ ಮುಂದುವರಿದರೆ ಅದು ಹೊಸದಾಗಿ ಕತ್ತರಿಸಿದ ಥ್ರೆಡ್ಡನ್ನೇ ಕಿತ್ತು ತರುತ್ತದೆ.

ಹಿಂಬದಿಯ ಮುಖದಲ್ಲಿ ಕಾಲರ್ ಒರಗುವ ಜಾಗದ ಬಣ್ಣವನ್ನು ಹೆರೆದು ತೆಗೆದು, ಕಾಲರಿಗೆ ಮಾರ್ಕರ್ ಮಸಿ ಹಚ್ಚಿ, ಅಂಟು ಹಾಕದೆ ಬುಷ್ಷನ್ನು ಒಮ್ಮೆ ಕೂರಿಸಿ ಬಿಚ್ಚಿ ನೋಡಿದಾಗ ಮಸಿ ಸುತ್ತಲೂ ಸಮವಾಗಿ ಅಂಟಿತ್ತು. ಅದೇ ಹೊತ್ತಿನಲ್ಲಿ ಹೊರಬದಿಯ ತುದಿಯನ್ನೂ ಅಳೆಯಲಾಯಿತು. ಬುಷ್ ಹೊರಮುಖಕ್ಕಿಂತ ಒಂದಿಷ್ಟಾದರೂ ಒಳಗಿರಲೇಬೇಕು, ಇಲ್ಲಿ 0.3 ಮಿ.ಮೀ. ಒಳಗಿತ್ತು. ಅದು ಮುಖಕ್ಕಿಂತ ಕೂದಲೆಳೆಯಷ್ಟು ಮುಂದೆ ಬಂದರೂ ಪೆಡಲಿನ ಭುಜ ಒರಗುವುದು ಬುಷ್ಷಿನ ತುದಿಗೆ, ಕ್ರ್ಯಾಂಕಿಗಲ್ಲ. ಆಗ ಸ್ಪ್ಯಾನರ್‌ನಲ್ಲಿ ಎಷ್ಟು ಬಿಗಿ ಸಿಕ್ಕರೂ ಅದು ಆಕ್ಸಲ್ ಮತ್ತು ಬುಷ್ ನಡುವಿನ ಬಿಗಿ ಮಾತ್ರ. ಅವೆರಡೂ ಸೇರಿ ಕ್ರ್ಯಾಂಕಿನಲ್ಲಿ ಸಡಿಲವಾಗಿ ಆಡಲು ಬಿಟ್ಟಂತಾಗುತ್ತದೆ. ಬುಷ್ ಹಾಕಿದ ಮೇಲೂ ಕೆಲವೇ ತಿಂಗಳಲ್ಲಿ ಮತ್ತೆ ಕಿತ್ತುಬಂತು ಎಂಬ ದೂರು ಬಂದಾಗ ನಾನು ಮೊದಲು ಅಳೆಯುವುದು ಈ ಅಂತರವನ್ನು.

ಎರಡೂ ಥ್ರೆಡ್ಡುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು ಒಣಗಿಸಿ, ಹೊರ ಥ್ರೆಡ್ಡಿಗೆ ಮಾತ್ರ ಗಟ್ಟಿ ಜಾತಿಯ ರಿಟೈನಿಂಗ್ ದ್ರವ ಹಚ್ಚಿ ಬುಷ್ಷನ್ನು ಕೂರಿಸಲಾಯಿತು. ಈ ದ್ರವ ಗಾಳಿಯಿಲ್ಲದ ಜಾಗದಲ್ಲಿ, ಲೋಹದ ಸ್ಪರ್ಶದಲ್ಲಿ ಗಟ್ಟಿಯಾಗುವಂಥದು. ಎಣ್ಣೆಯ ಪಸೆ ಉಳಿದಿದ್ದರೆ ಹಿಡಿತ ಕುಗ್ಗುತ್ತದೆ, ಉಕ್ಕಿಗಿಂತ ಅಲ್ಯೂಮಿನಿಯಮ್ಮಿನ ಮೇಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ಒಳಕ್ಕೆ ಇಳಿದ ಹನಿಯನ್ನು ಒರೆಸಿ, ಪೂರ್ತಿ 24 ಗಂಟೆ ಮುಟ್ಟದೆ ಬಿಡಲಾಯಿತು.

ಜೋಡಣೆ ಮತ್ತು ನಂತರದ ಸ್ಥಿತಿ

ಪೆಡಲ್ ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಸ್ಪ್ಯಾನರ್ ಮುಟ್ಟದೆ, ಬೆರಳಿನಿಂದಲೇ ಭುಜ ತಾಗುವ ತನಕ ತಿರುಗಿಸಲಾಯಿತು. ಬೆರಳಿಗೆ ಬಾರದ ಪೆಡಲ್ ಓರೆಯಾಗಿ ಹೋಗುತ್ತಿದೆ ಎಂದೇ ತಿಳಿಯಬೇಕು, ಅಲ್ಲಿಗೇ ನಿಲ್ಲಿಸಿ ಬಿಚ್ಚಬೇಕು. ಈ ಕ್ರ್ಯಾಂಕ್ ಹಾಳಾದದ್ದು ಆ ಒಂದು ಹಂತದಲ್ಲಿ ಸ್ಪ್ಯಾನರ್ ಹಾಕಿದ್ದರಿಂದ. ತಗ್ಗು ಬಿದ್ದಿದ್ದ ಮುಖಕ್ಕೂ ಭುಜಕ್ಕೂ ನಡುವೆ ಮೊದಲೇ ಒಂದು ತೆಳು ಉಕ್ಕಿನ ವಾಷರ್ ಇರಿಸಲಾಗಿತ್ತು, ಅಲ್ಯೂಮಿನಿಯಂ ಮೇಲಿನ ಒತ್ತಡ ಸಮವಾಗಿ ಹಂಚಿಹೋಗಲೆಂದು. ವಾಷರಿನ ದಪ್ಪದಷ್ಟು ಥ್ರೆಡ್ ಕಡಿಮೆ ಹಿಡಿಯುತ್ತದೆಯಾದ್ದರಿಂದ 1 ಮಿ.ಮೀ.ಗಿಂತ ದಪ್ಪದ್ದನ್ನು ಹಾಕಬಾರದು. ಭುಜದ ಸುತ್ತ ಸಂದು ಅಳೆಯುವ ಫೀಲರ್ ಗೇಜಿನ ಅತಿ ತೆಳು ಎಲೆಯನ್ನು ತೂರಿಸಲು ನೋಡಿದಾಗ ಎಲ್ಲೂ ಹೋಗಲಿಲ್ಲ. ಟಾರ್ಕ್ ರೆಂಚಿನಲ್ಲಿ 40 ನ್ಯೂಟನ್-ಮೀಟರ್‌ಗೆ ಬಿಗಿದು, ಆಕ್ಸಲ್‌ನಿಂದ ಕ್ರ್ಯಾಂಕಿಗೆ ದಾಟುವಂತೆ ಬಿಳಿ ಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆಯಲಾಯಿತು. ಗೆರೆ ಮುರಿದರೆ ಪೆಡಲ್ ತಿರುಗಿದೆ ಎಂದು ಸವಾರರಿಗೇ ತಿಳಿಯುತ್ತದೆ.

ಕ್ರ್ಯಾಂಕನ್ನು ಬಾಟಮ್ ಬ್ರಾಕೆಟ್ ಆಕ್ಸಲ್‌ಗೆ ಮತ್ತೆ ಕೂರಿಸಿ ಬಿಗಿದು ಓಡಿಸಿ ನೋಡಿದಾಗ ಟಕ್ ಸದ್ದು ಇರಲಿಲ್ಲ. ಮೊದಲ ಕೆಲವು ಸವಾರಿಗಳಾದ ಮೇಲೆ ಬಿಗಿತವನ್ನು ಮತ್ತೆ ಪರೀಕ್ಷಿಸಲಾಯಿತು. ರೆಂಚ್ ಅದೇ ಅಳತೆಯಲ್ಲಿ ಕ್ಲಿಕ್ ಎಂದಿತು, ಬಿಳಿ ಗೆರೆ ಅಲುಗಿರಲಿಲ್ಲ.

ಬುಷ್ಷಿನ ನಿಜವಾದ ಪರೀಕ್ಷೆ ಪೆಡಲ್ ಬಿಚ್ಚುವಾಗ. ಕೆಲವು ತಿಂಗಳ ನಂತರ ಗ್ರೀಸ್ ಬದಲಿಸಲು ಪೆಡಲನ್ನು ಬಿಚ್ಚಲಾಯಿತು. ಕ್ರ್ಯಾಂಕನ್ನು ಮುಂದಕ್ಕೆ ಚಾಚಿ, ಸ್ಪ್ಯಾನರನ್ನು ಮೇಲ್ಮುಖವಾಗಿ ಹಾಕಿ ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಬದಿಯ ಪೆಡಲ್‌ಗಳು ಬಿಚ್ಚುತ್ತವೆ. ಎಡ ಬಲ ಥ್ರೆಡ್ ಎಂದು ತಲೆಕೆಡಿಸಿಕೊಳ್ಳಬೇಕಿಲ್ಲ. ಪೆಡಲ್ ಮೊದಲ ಎಳೆತಕ್ಕೇ ಸಡಿಲಿಸಿತು, ಬುಷ್ ಕದಲಲಿಲ್ಲ, ಹಿಂಬದಿಯಲ್ಲಿ ಕಾಲರ್ ಮುಖಕ್ಕೆ ಅಂಟಿಕೊಂಡೇ ಇತ್ತು. ಹೊರಮುಖದಲ್ಲಿ ವಾಷರಿನ ಉಂಗುರ ಸುತ್ತಲೂ ಒಂದೇ ಸಮನಾಗಿ ಮೂಡಿತ್ತು. ಪೆಡಲ್ ಕಣ್ಣಿನ ಅಂಚನ್ನು ಮತ್ತೊಮ್ಮೆ ಪೆನಿಟ್ರೆಂಟ್ ಹಚ್ಚಿ ನೋಡಿದಾಗಲೂ ಗೆರೆ ಕಾಣಲಿಲ್ಲ. ಪೆಡಲ್ ಬಿಚ್ಚಿದಾಗಲೆಲ್ಲ ಈ ಪರೀಕ್ಷೆ ಮಾಡಿಸಬೇಕೆಂದು ಸವಾರರಿಗೆ ತಿಳಿಸಲಾಗಿದೆ. ಉಕ್ಕಿನ ಬುಷ್ಷಿನೊಳಗಿನ ಥ್ರೆಡ್ ಮುಂದೆಂದಾದರೂ ಕೆಟ್ಟರೆ ಬುಷ್ಷನ್ನು ಬಿಸಿಮಾಡಿ ಅಂಟು ಸಡಿಲಿಸಿ ಬದಲಿಸಬಹುದು. ಆದರೆ ಅದರ ಹೊರಗಿನ ಅಲ್ಯೂಮಿನಿಯಂ ಥ್ರೆಡ್ ಕಿತ್ತುಹೋದರೆ ಈ ಕಣ್ಣನ್ನು ಇನ್ನೊಮ್ಮೆ ಹಿಗ್ಗಿಸಲು ಬೇಕಾದ ಲೋಹ ಉಳಿದಿಲ್ಲ. ಆಗ ಬದಲಾಯಿಸಬೇಕಾದದ್ದು ಕ್ರ್ಯಾಂಕನ್ನೇ.